ಕ್ಯಾಂಪರ್ ವ್ಯಾನ್ ಅಡಿಯ 150 ಲೀಟರ್ ಟ್ಯಾಂಕ್ ನಡುವೆ ಜೋತುಬಿದ್ದಿದೆ: ಆಧಾರ ಹೇಗೆ ಕೊಡುವುದು?

ಸಿಂಹಗಡರಸ್ತೆ

ಗಾಡಿ: ಕ್ಯಾಂಪರ್ ಆಗಿ ಬದಲಾಯಿಸಿದ ಮಿನಿಬಸ್, ಪುಣೆ. ವೀಲ್‌ಬೇಸ್ (ಮುಂದಿನ ಮತ್ತು ಹಿಂದಿನ ಆಕ್ಸಲ್ ನಡುವಿನ ಅಂತರ) 3350 ಮಿಮೀ.
ಟ್ಯಾಂಕ್: ಪಾಲಿಥಿನ್, 1000 × 500 × 300 ಮಿಮೀ, ಗೋಡೆ 6 ಮಿಮೀ ದಪ್ಪ. ಚಾಸಿಯ ಎರಡು ರೈಲುಗಳ ನಡುವೆ, ಹಿಂದಿನ ಆಕ್ಸಲ್‌ಗಿಂತ ಮುಂದೆ, ಗಾಡಿಯ ಉದ್ದಕ್ಕೆ ಇದೆ. ರೈಲುಗಳ ನಡುವಿನ ಅಂತರ 850 ಮಿಮೀ.

ಟ್ಯಾಂಕಿನ ಸುತ್ತ 25×25×3 ಆಂಗಲ್‌ನ (L ಆಕಾರದ ಕಬ್ಬಿಣದ ಪಟ್ಟಿ) ಚೌಕಟ್ಟು. ಟ್ಯಾಂಕಿನ ನಾಲ್ಕು ಅಂಚು ಮಾತ್ರ ಅದರ ತುಟಿಯ ಮೇಲೆ ಕೂತಿದೆ, ತಳದ ನಡುಭಾಗಕ್ಕೆ ಏನೂ ಇಲ್ಲ. ಚೌಕಟ್ಟಿನಿಂದ ಆರು ಪಟ್ಟಿಗಳು ಮೇಲೆ ಹೋಗಿ ಗಾಡಿಯ ನೆಲದ ಶೀಟಿಗೆ ಸೆಲ್ಫ್ ಡ್ರಿಲ್ಲಿಂಗ್ ಸ್ಕ್ರೂನಲ್ಲಿ ಸೇರಿವೆ. ರೈಲಿಗೆ ಯಾವ ಸಂಬಂಧವೂ ಇಲ್ಲ.

ಈಗಿನ ಸ್ಥಿತಿ: ತುಂಬಿದಾಗ ತಳ ನಡುವೆ 18 ಮಿಮೀ ಕೆಳಗಿಳಿಯುತ್ತದೆ, ಖಾಲಿ ಮಾಡಿದರೂ 7 ಮಿಮೀ ಹಾಗೇ ಉಳಿಯುತ್ತದೆ. ಎರಡು ಸ್ಕ್ರೂಗಳ ತೂತು ಅಂಡಾಕಾರವಾಗಿದೆ. ನೀರು ಹೊರಹೋಗುವ ನಿಪ್ಪಲ್ (ಪೈಪ್ ಸೇರಿಸುವ ಮೂತಿ) ಬುಡದಲ್ಲಿ ತೇವ. ಚೋರ್ಲಾ ಘಾಟ್ ಮೂಲಕ ಗೋವಾಕ್ಕೆ ಹೋಗುವ ಗಾಡಿ ಇದು. ಅದೇ ಚೌಕಟ್ಟಿಗೆ ಇನ್ನೆರಡು ಅಡ್ಡಪಟ್ಟಿ ಬೆಸುಗೆ ಹಾಕಿಸಿದರೆ ಸಾಕೇ, ಇಲ್ಲ ಎಲ್ಲ ತೆಗೆದು ಹೊಸದಾಗಿ ಮಾಡಬೇಕೇ?

ಭೋಸರಿಫ್ಯಾಬ್

ಎಲ್ಲಾ ತಗೀರಿ. ಅಡ್ಡಪಟ್ಟಿ ಹಾಕಿದ್ರೂ ಭಾರ ಕಡೀಕ ಹೋಗೂದು ಅದೇ ಸ್ಕ್ರೂಗೇ.

ಒಂದು ಸ್ಕ್ರೂ ಬಿಚ್ಚಿ ಕೈಯಾಗ ಹಿಡ್ದು ನೋಡ್ರಿ. 12 ನಂಬರ್ ಸ್ಕ್ರೂ ಆದ್ರ ಇಂಚಿಗೆ 14 ಹಲ್ಲು ಇರ್ತಾವ. ಅಂದ್ರ ಒಂದು ಹಲ್ಲಿನಿಂದ ಇನ್ನೊಂದು ಹಲ್ಲಿಗೆ 1.8 ಮಿಮೀ. ನೆಲದ ಶೀಟು 1.2 ಮಿಮೀ ಐತಿ ಅಂತ ಹಿಡೀರಿ. ಒಂದು ಪೂರಾ ಸುತ್ತು ಹಲ್ಲೂ ಶೀಟಿನ್ಯಾಗ ಕಚ್ಚಿರೂದಿಲ್ಲ. ಗಾಡಿ ನಿಂತಾಗ ಹಿಡೀತೈತಿ, ರಸ್ತಾದಾಗ ನಡುಗಿ ನಡುಗಿ ತೂತು ದೊಡ್ಡದು ಮಾಡ್ತೈತಿ. ಅಂಡಾಕಾರ ಆಗೈತಿ ಅಂದ್ರಲ್ಲ, ಅದು ಇದೇ ಲಕ್ಷಣ. ವಾಶರ್ ಕೆಳಗ ಕಂದು ಬಣ್ಣದ ಪುಡಿ ಬಿದ್ದೈತೇನು ನೋಡ್ರಿ. ಅದು ಬರೇ ತುಕ್ಕಲ್ಲ, ಕಬ್ಬಿಣಕ್ಕ ಕಬ್ಬಿಣ ತಿಕ್ಕಿ ಉದುರಿದ್ದು. ಅದು ಕಂಡ್ರ ಆ ಜೋಡಣಿ ಅಲುಗಾಡಾಕತ್ತೈತಿ ಅಂತ ಅರ್ಥ.

ಇನ್ನ ಆಂಗಲ್ ತುಟಿ. ತುಟಿ ಮ್ಯಾಲ ಭಾರ ಬಿದ್ರ ಆಂಗಲ್ ಬಾಗೂಕಿಂತ ಮೊದಲ ತಿರುಚತೈತಿ. ತುಟಿ ಒಳಗ ಇಳಿಜಾರು ಆತು, ಟ್ಯಾಂಕಿನ ಅಂಚು ಒಳಗ ಜಾರತೈತಿ. ಅತ್ಲಾಗ ತಳ ಜೋತುಬಿದ್ದು ಅಂಚನ್ನ ಒಳಗ ಎಳೀತೈತಿ. ಇವೆರಡೂ ಕೂಡಿದ್ವು ಅಂದ್ರ ಟ್ಯಾಂಕ್ ಚೌಕಟ್ಟಿನೊಳಗಿಂದ ಕೆಳಗ ಇಳೀತೈತಿ. ಸ್ಕ್ರೂ ಗಟ್ಟಿ ಇದ್ರೂ ಇಳೀತೈತಿ.

ಕೊಥ್ರೂಡ್_ವಿನ್ಯಾಸ

ಭೋಸರಿಯವರು ಹೇಳಿದ್ದು ಸರಿ. ಲೆಕ್ಕ ಇಟ್ಟು ನೋಡೋಣ, ಎಷ್ಟು ಅಂತರದಲ್ಲಿ ತಪ್ಪಿದೆ ಎಂದು ಗೊತ್ತಾಗುತ್ತದೆ.

ನೀರು 150 ಕೆಜಿ. ಟ್ಯಾಂಕಿನ ಪ್ಲಾಸ್ಟಿಕ್ ಸುಮಾರು 11 ಕೆಜಿ (ಹೊರಮೈ 1.9 ಚದರ ಮೀಟರ್, ದಪ್ಪ 6 ಮಿಮೀ). ಒಟ್ಟು 161 ಕೆಜಿ. ಇದು ನಿಂತ ಗಾಡಿಯ ಲೆಕ್ಕ. ಗುಂಡಿ, ಹಂಪ್‌ಗಳಿಗೆ ನಾನು ಕೆಳಮುಖವಾಗಿ ಮೂರು ಪಟ್ಟು ಹಿಡಿಯುತ್ತೇನೆ: 483 ಕೆಜಿ. ಮುಂದಕ್ಕೆ ಎರಡು ಪಟ್ಟು: 322 ಕೆಜಿ. ಗಟ್ಟಿಯಾಗಿ ಬ್ರೇಕ್ ಹಾಕಿದರೆ ಒಂದು ಪಟ್ಟಿನ ಹತ್ತಿರ ಬರುತ್ತದೆ. ಉಳಿದದ್ದು ಒಳಗಿನ ನೀರು ಎದ್ದು ಹೊಡೆಯುವ ಹೊಡೆತಕ್ಕೆ.

ಮೂರು ಅಡ್ಡತೊಲೆಗಳನ್ನು ರೈಲಿನಿಂದ ರೈಲಿಗೆ ಹಾಕಿದರೆ ಒಂದೊಂದಕ್ಕೂ 161 ಕೆಜಿ, ಅಂದರೆ ಸುಮಾರು 1580 ನ್ಯೂಟನ್. 850 ಮಿಮೀ ಅಂತರದ ನಡುವಿನ 500 ಮಿಮೀ ಮೇಲೆ ಆ ಭಾರ ಹರಡಿದೆ. ಬಾಗುವಿಕೆಯ ಒತ್ತಡ ಹೀಗಾಗುತ್ತದೆ:

25×25×3 ಆಂಗಲ್ ಆದರೆ ಸುಮಾರು 525 ಮೆಗಾಪಾಸ್ಕಲ್. ಮಾಮೂಲಿ ಎಂಎಸ್ (ಮೈಲ್ಡ್ ಸ್ಟೀಲ್) ಕಬ್ಬಿಣ 250ರ ಸುತ್ತ ಬಾಗಿ ಹಾಗೇ ಉಳಿಯುತ್ತದೆ. ಅಂದರೆ ಎರಡು ಪಟ್ಟು ಮೀರಿದೆ. ಗಾಡಿ ಸುಮ್ಮನೆ ನಿಂತಿದ್ದಾಗಲೇ 175.

40×40×2.5 ಚೌಕ ಪೈಪ್ ಆದರೆ 56.

ಆಂಗಲ್ ಮೀಟರಿಗೆ 1.1 ಕೆಜಿ, ಚೌಕ ಪೈಪ್ 3 ಕೆಜಿಗೆ ಸ್ವಲ್ಪ ಕಡಿಮೆ. ಮೂರು ತುಂಡಿಗೆ ನಾಲ್ಕೈದು ಕೆಜಿ ಹೆಚ್ಚು ಹೊತ್ತರೆ ಒತ್ತಡ ಒಂಬತ್ತನೇ ಒಂದು ಭಾಗಕ್ಕೆ ಇಳಿಯುತ್ತದೆ. 56 ತುಂಬ ಕಡಿಮೆಯಾಯಿತು ಅನಿಸಬಹುದು, ಆದರೆ ಬೆಸುಗೆಯ ಪಕ್ಕದಲ್ಲಿ ಲಕ್ಷಗಟ್ಟಲೆ ಸಲ ಅಲುಗುವ ಕಬ್ಬಿಣಕ್ಕೆ ಆ ಅಂತರ ಬೇಕೇ ಬೇಕು.

ಮುಖ್ಯವಾದ ಮಾತು: ಭಾರವನ್ನು ಕೆಳಗಿನಿಂದ ಹೊರಬೇಕು, ಅದು ರೈಲಿಗೇ ಹೋಗಬೇಕು. ಮೇಲಿನ ಪಟ್ಟಿಗಳ ಕೆಲಸ ಟ್ಯಾಂಕ್ ಎಗರದಂತೆ, ಸರಿಯದಂತೆ ಹಿಡಿಯುವುದು ಮಾತ್ರ. ಪಟ್ಟಿಯೇ ತೂಕ ಹೊತ್ತರೆ ಅದು ಪ್ಲಾಸ್ಟಿಕ್‌ಗೆ ಕೊರೆಯುತ್ತದೆ.

ಠಾಣೆ_ಪಾಲಿಮರ್

ಟ್ಯಾಂಕಿನ ವಿಷಯ ನಾನು ಹೇಳ್ತೇನೆ. ಖಾಲಿ ಮಾಡಿದ ಮೇಲೂ 7 ಮಿಮೀ ಉಳಿಯಿತು ಅಂದಿರಲ್ಲ, ಅದು ಪಾಲಿಥಿನ್‌ನ ಗುಣ. ಭಾರ ಹೊತ್ತಷ್ಟು ಹೊತ್ತು ನಿಧಾನಕ್ಕೆ ಹರಿಯುತ್ತಲೇ ಇರುತ್ತದೆ. ಇದಕ್ಕೆ ಕ್ರೀಪ್ ಅಂತಾರೆ. ಕಬ್ಬಿಣದ ಹಾಗೆ ಬಾಗಿ ವಾಪಸ್ ಬರುವ ವಸ್ತು ಅಲ್ಲ. ಮೇ ತಿಂಗಳಲ್ಲಿ ಗಾಡಿ ಅಡಿಯ ಶಾಖ, ಸೈಲೆನ್ಸರ್ ಶಾಖ ಸೇರಿ 50 ಡಿಗ್ರಿ ಆದರೆ ಪ್ಲಾಸ್ಟಿಕ್‌ನ ಬಿಗಿ ಇನ್ನೂ ಕಡಿಮೆ, ಹರಿವು ಇನ್ನೂ ಜಾಸ್ತಿ. ಹಾಗಾಗಿ ತಳಕ್ಕೆ ಪೂರ್ತಿ ಆಧಾರ ಬೇಕು ಮಾರಾಯ್ರೆ, ಅಂಚಿಗಲ್ಲ, ಎರಡು ಪಟ್ಟಿಗೂ ಅಲ್ಲ. ಮನೆ ಮೇಲಿನ ನೀರಿನ ಟ್ಯಾಂಕನ್ನು ಸಮತಟ್ಟಾದ ಸ್ಲ್ಯಾಬ್ ಮೇಲೇ ಇಡುವುದು ಇದಕ್ಕೇ. ನಾಲ್ಕು ಇಟ್ಟಿಗೆ ಮೇಲೆ ಇಟ್ಟರೆ ಅದೂ ಬಾಗುತ್ತದೆ.

ಬಿಚ್ಚಿದಾಗ ತಳವನ್ನು ಬೆಳಕಿಗೆ ಹಿಡಿದು ನೋಡಿ. ಅಂಚಿನ ಮಡಿಕೆಯಲ್ಲಿ ಬೆಳ್ಳಗಾದ ಗೆರೆ ಇದ್ದರೆ ಅಲ್ಲಿ ಪ್ಲಾಸ್ಟಿಕ್ ಮಿತಿ ಮೀರಿ ಹಿಗ್ಗಿದೆ, ಮುಂದೆ ಸೀಳುವುದು ಅಲ್ಲೇ. ಉಗುರು ಆಡಿಸಿದರೆ ಸೀಳು ತಡೆಯುತ್ತದಾ ನೋಡಿ. ತಡೆದರೆ ಟ್ಯಾಂಕ್ ಬದಲಾಯಿಸಿ. ಗೆರೆ ಇಲ್ಲದೆ ಬರೀ ಜೋತುಬಿದ್ದಿದ್ದರೆ ಅದೇ ಟ್ಯಾಂಕ್ ಸಮತಟ್ಟಾದ ತಳದ ಮೇಲೆ ಕೂತು, ನೀರಿನ ತೂಕಕ್ಕೆ ಬಹುಪಾಲು ಸರಿಯಾಗುತ್ತದೆ.

ಸೀಳಿಗೆ ಎಂಸೀಲ್, ಸಿಲಿಕೋನ್, ಸೀಕಾಫ್ಲೆಕ್ಸ್ ಯಾವುದೂ ಬೇಡ. ಪಾಲಿಥಿನ್‌ಗೆ ಯಾವ ಅಂಟೂ ಸರಿಯಾಗಿ ಹಿಡಿಯುವುದಿಲ್ಲ, ಎರಡು ದಿನ ಇದ್ದು ಸಿಪ್ಪೆಯ ಹಾಗೆ ಎದ್ದು ಬರುತ್ತದೆ. ಅದೇ ಜಾತಿಯ ಕಡ್ಡಿಯಿಂದ ಬಿಸಿಗಾಳಿ ಬೆಸುಗೆ ಒಂದೇ ದಾರಿ. ಎಲ್‌ಎಲ್‌ಡಿಪಿಇ (ಪಾಲಿಥಿನ್‌ನ ಒಂದು ಬಗೆ) ಟ್ಯಾಂಕಿಗೆ ಎಲ್‌ಎಲ್‌ಡಿಪಿಇ ಕಡ್ಡಿ. ಪಿಪಿ (ಪಾಲಿಪ್ರೊಪಿಲೀನ್) ಕಡ್ಡಿ ಹಾಕಿದರೆ ನೋಡಲಿಕ್ಕೆ ಚಂದ ಇರುತ್ತದೆ, ಒಳಗೆ ಬೆಸೆದಿರುವುದಿಲ್ಲ.

ಮಡಗಾಂವ್_ಗಾಡಿ

ಇನ್ನೊಂದು ಕಾರಣ ಯಾರೂ ಹೇಳಿಲ್ಲ: ಗಾಳಿ ಕೊಳವೆ. ವೆಂಟ್ ಪೈಪ್ ಎಷ್ಟು ದಪ್ಪ ಇದೆ, ಮಡಚಿಕೊಂಡಿದೆಯೇ ನೋಡಿ. ಬಹಳ ಗಾಡಿಗಳಲ್ಲಿ ತುಂಬುವ ಪೈಪ್ 32 ಮಿಮೀ, ವೆಂಟ್ ಮಾತ್ರ 8 ಮಿಮೀ ಮೀನಿನ ತೊಟ್ಟಿಯ ಪೈಪಿನಷ್ಟು. ತುಂಬಿ ಹೆಚ್ಚಾದ ನೀರು ಅದರಲ್ಲಿ ಹೊರಗೆ ಹೋಗಲಾರದು.

ಟೆರೇಸ್ ಟ್ಯಾಂಕಿನಿಂದ ಪೈಪ್ ಎಳೆದು, ತುಂಬುವ ಬಾಯಿಗೆ ಬಿಗಿಯಾಗಿ ಸಿಕ್ಕಿಸಿ ಬಿಟ್ಟರೆ ಏನಾಗುತ್ತದೆ? ಹತ್ತು ಮೀಟರ್ ಎತ್ತರ ಅಂದರೆ ಒಂದು ಬಾರ್ ಒತ್ತಡ. ಅದರ ಹತ್ತನೇ ಒಂದು ಪಾಲು ಟ್ಯಾಂಕಿನೊಳಗೆ ನಿಂತರೂ 0.5 ಚದರ ಮೀಟರ್ ತಳದ ಮೇಲೆ 500 ಕೆಜಿಯಷ್ಟು ತಳ್ಳುತ್ತದೆ.

ಕೊಥ್ರೂಡ್_ವಿನ್ಯಾಸ

ಒಳ್ಳೆಯ ಮಾತು ಎತ್ತಿದಿರಿ. ಒಂದು ಸ್ಪಷ್ಟನೆ ಸೇರಿಸುತ್ತೇನೆ. ಆ 500 ಕೆಜಿ ಆಧಾರದ ಮೇಲೆ ಬೀಳುವ ಹೆಚ್ಚುವರಿ ತೂಕವಲ್ಲ, ಏಕೆಂದರೆ ಅಷ್ಟೇ ಬಲ ಮೇಲ್ಮುಖವಾಗಿ ಮುಚ್ಚಿಗೆಯನ್ನೂ ತಳ್ಳುತ್ತದೆ. ಆದರೆ ತಳ ದಿಂಬಿನ ಹಾಗೆ ಉಬ್ಬುತ್ತದೆ, ಅಂಚು ತುಟಿಯಿಂದ ಏಳುತ್ತದೆ. ಅಂಚಿನ ಆಧಾರವನ್ನೇ ನಂಬಿದ ಟ್ಯಾಂಕಿಗೆ ಅದಕ್ಕಿಂತ ಅಪಾಯ ಇಲ್ಲ. ಪಂಪ್ ಎಳೆಯುವಾಗ ವೆಂಟ್ ಕಟ್ಟಿದ್ದರೆ ಉಲ್ಟಾ, ಟ್ಯಾಂಕ್ ಒಳಕ್ಕೆ ಹೀರಿಕೊಳ್ಳುತ್ತದೆ.

ತುಂಬುವ ಪೈಪಿನಷ್ಟೇ ದಪ್ಪದ ಓವರ್‌ಫ್ಲೋ ಬೇಕು. ಜಾಗ ಇಲ್ಲವೆಂದರೆ 20 ಮಿಮೀಗಿಂತ ಕಡಿಮೆ ಬೇಡ, ಮತ್ತು ತುಂಬುವಾಗ ಪೈಪನ್ನು ಬಾಯಿಗೆ ಸಡಿಲವಾಗಿ ಇಳಿಬಿಡಿ. ವೆಂಟ್ ತುದಿ ಟ್ಯಾಂಕಿನ ಮೇಲ್ಭಾಗಕ್ಕಿಂತ ಎತ್ತರದಲ್ಲಿ ಕೆಳಮುಖವಾಗಿ ತಿರುಗಿರಲಿ, ಜಾಲರಿ ಹಾಕಿ. ಕಡಜ ಗೂಡು ಕಟ್ಟಿ ಮುಚ್ಚುವುದು ಸಾಮಾನ್ಯ.

ಸಿಂಹಗಡರಸ್ತೆ

ವೆಂಟ್ 8 ಮಿಮೀ ಪೈಪೇ. ನೆಲದ ಚಾನೆಲ್ ಹತ್ತಿರ ಚಪ್ಪಟೆಯಾಗಿ ಒತ್ತಿಹೋಗಿದೆ. ವಾಶರ್ ಕೆಳಗೆ ಕಂದು ಪುಡಿಯೂ ಇದೆ. ತಳದಲ್ಲಿ ಬಿಳಿ ಗೆರೆ ಇಲ್ಲ.

ಹೊಸ ಆಧಾರದ ವಿವರ ಕೊಡಿ. ಅಲ್ಲಿಯವರೆಗೆ ಅರ್ಧ ಟ್ಯಾಂಕ್ ಇಟ್ಟುಕೊಂಡು ಓಡಿಸಬಹುದೇ?

ಭೋಸರಿಫ್ಯಾಬ್

ಅರ್ಧಕ್ಕ ಇಟ್ರ ತೂಕ ಅರ್ಧ ಆತಲ್ಲ. ಓಡಸ್ರಿ, ಹಂಪ್ ಬಂದಾಗ ನಿಧಾನ ಮಾಡ್ರಿ.

ಮಡಗಾಂವ್_ಗಾಡಿ

ಇದಕ್ಕೆ ನನ್ನ ಒಪ್ಪಿಗೆ ಇಲ್ಲ ಅಣ್ಣಾ. ಅರ್ಧ ತುಂಬಿದ ಟ್ಯಾಂಕಿನಲ್ಲೇ ನೀರು ಹೆಚ್ಚು ಓಡಾಡುವುದು. ಒಂದು ಮೀಟರ್ ಉದ್ದ, 15 ಸೆಂಮೀ ಆಳದ ನೀರು ಒಂದು ತುದಿಯಿಂದ ಹೋಗಿ ವಾಪಸ್ ಬರಲು ಸುಮಾರು 1.7 ಸೆಕೆಂಡ್ ಹಿಡಿಯುತ್ತದೆ. ಚೋರ್ಲಾ ಇಳಿಯುವಾಗ ಬ್ರೇಕ್ ಒತ್ತಿ ಬಿಟ್ಟು ಒತ್ತಿ ಬಿಟ್ಟು ಮಾಡುವ ತಾಳವೂ ಅದರ ಹತ್ತಿರವೇ. ಆಗ 75 ಕೆಜಿ ನೀರು ಒಂದೇ ಕಡೆಯ ಗೋಡೆಗೆ ಸಾಲಾಗಿ ಹೊಡೆಯುತ್ತದೆ. ಸ್ಕ್ರೂ ಸಡಿಲಾದ ಚೌಕಟ್ಟು ಆ ಹೊಡೆತ ತಾಳುವುದಿಲ್ಲ.

ಪೂರ್ತಿ ಖಾಲಿ ಮಾಡಿ ಓಡಿಸಿ. 20 ಲೀಟರ್ ಕ್ಯಾನ್ ನಾಲ್ಕು, ಗಾಡಿಯೊಳಗೆ ನೆಲದ ಮೇಲೆ ಸೀಟಿನ ಕಾಲಿಗೆ ಬೆಲ್ಟ್‌ನಿಂದ ಬಿಗಿದರೆ ಗೋವಾ ತಲುಪಲು ಸಾಕು.

ಭೋಸರಿಫ್ಯಾಬ್

ಹೌದು, ಅದು ಖರೆ. ಹಿಂದ ಮುಂದ ಹೊಡೀಯೂದು ನಾ ಲೆಕ್ಕಕ್ಕ ಹಿಡ್ದಿರಲಿಲ್ಲ. ಖಾಲಿ ಮಾಡ್ರಿ. ಅದರ ಜೋಡಿ ಒಂದು ರ್‍ಯಾಚೆಟ್ ಬೆಲ್ಟ್ ರೈಲಿಂದ ರೈಲಿಗೆ ಟ್ಯಾಂಕ್ ಕೆಳಗ ಹಾಸಿ ಕಟ್ರಿ, ಸ್ಕ್ರೂ ಕಿತ್ರೂ ರಸ್ತಾಕ್ಕ ಬೀಳಬಾರದು. ಸೈಲೆನ್ಸರ್‌ಗೆ ತಾಗದಂಗ ನೋಡ್ರಿ, ಬೆಲ್ಟ್ ಸುಡತೈತಿ.

ಈಗ ಹೊಸಾ ಆಧಾರ ಹೇಳ್ತೀನಿ.

ಮೂರು ಅಡ್ಡತೊಲಿ, 40×40×2.5 ಚೌಕ ಪೈಪ್. ಟ್ಯಾಂಕಿನ ಉದ್ದದಾಗ 100, 500, 900 ಮಿಮೀ ಜಾಗಾಕ್ಕ. ಎರಡೂ ತುದಿಗೆ 6 ಮಿಮೀ ಪ್ಲೇಟಿನ ಬ್ರಾಕೆಟ್, 100×80, ಒಳಗ ಒಂದು ಗಸೆಟ್ (ಮೂಲಿಗೆ ಬಲ ಕೊಡೂ ತ್ರಿಕೋನ ಪ್ಲೇಟು). ಒಂದೊಂದು ಬ್ರಾಕೆಟಿಗೆ ಎರಡು ಎಂ10 ಬೋಲ್ಟು, 8.8 ಗ್ರೇಡ್ (ಹೆಚ್ಚು ಬಲದ್ದು), ನೈಲಾಕ್ ನಟ್ಟು (ಒಳಗ ನೈಲಾನ್ ಬಳಿ ಇದ್ದು ಸಡಿಲ ಆಗದ್ದು), ಎರಡೂ ಕಡೆ ದಪ್ಪ ವಾಶರ್. ಬಿಗಿ 45 ನ್ಯೂಟನ್ ಮೀಟರ್. ಟಾರ್ಕ್ ಪಾನಾ ಇಲ್ಲದ ಬಿಗೀಬ್ಯಾಡ್ರಿ.

ಚಾಸಿ ರೈಲಿನ ಮ್ಯಾಲಿನ ತಳ, ಕೆಳಗಿನ ತಳ ಇವೆರಡಕ್ಕ ತೂತೂ ಬ್ಯಾಡ, ಬೆಸುಗಿನೂ ಬ್ಯಾಡ. ರೈಲಿನ ನಡುವಿನ ನಿಂತ ಗೋಡಿ ಇರತೈತಲ್ಲ, ಅದರಾಗ ಕಂಪನಿ ಹಾಕಿದ ತೂತು ಇದ್ರ ಅದನ್ನ ಬಳಸ್ರಿ. ಇಲ್ಲಂದ್ರ ಆ ಗೋಡಿ ನಡು ಎತ್ತರದಾಗ ಹೊಸಾ ತೂತು. ಹಿಂದಿನ ಕಡೆ ಬ್ರೇಕ್ ಪೈಪು, ವೈರಿಂಗ್ ಹೋಗ್ಯಾವೇನು ಕೈ ಹಾಕಿ ನೋಡಿ ಆಮ್ಯಾಲ ಡ್ರಿಲ್ ಹಚ್ರಿ. ಬೆಸುಗಿ ಎಲ್ಲಾ ಗಾಡಿ ಹೊರಗ, ಟೇಬಲ್ ಮ್ಯಾಲ ಮುಗಸ್ರಿ. ಗಾಡಿಗೇ ಹಚ್ಚೂದು ಬಿದ್ರ ಬ್ಯಾಟರಿ ನೆಗೆಟಿವ್ ತಗದು, ಇಸಿಯು (ಎಂಜಿನ್ ಕಂಪ್ಯೂಟರ್) ಕನೆಕ್ಟರ್ ಬಿಚ್ಚಿ ಹಚ್ರಿ.

ತೊಲಿ ಮ್ಯಾಲ 2 ಮಿಮೀ ಶೀಟಿನ ಟ್ರೇ, ಸುತ್ತ 25 ಮಿಮೀ ಮಡಿಚಿ.

ಕೊಥ್ರೂಡ್_ವಿನ್ಯಾಸ

ಟ್ರೇ ವಿಷಯದಲ್ಲಿ ಒಂದು ತಿದ್ದುಪಡಿ. ತೊಲೆಗಳ ನಡುವೆ 400 ಮಿಮೀ ಖಾಲಿ. 300 ಮಿಮೀ ನೀರಿನ ಕೆಳಗೆ 2 ಮಿಮೀ ಶೀಟು ನಿಂತಲ್ಲೇ ಸುಮಾರು 3 ಮಿಮೀ ಬಾಗುತ್ತದೆ, ಹಂಪ್ ಮೇಲೆ 9. ಪ್ರತಿ ಸಲ ಶೀಟು ಡಬ್ಬದ ಮುಚ್ಚಳದ ಹಾಗೆ ಒಳಹೊರಗೆ ಆಡಿದರೆ ತೊಲೆಯ ಅಂಚಿನಲ್ಲಿ ಸೀಳುತ್ತದೆ.

18 ಮಿಮೀ ಮರೈನ್ ಪ್ಲೈ ಹಾಕಿ, ಐಎಸ್ 710 ಗುರುತು ಇರುವಂಥದ್ದು. ಬಾಗುವಿಕೆಗೆ ಅದು 2 ಮಿಮೀ ಶೀಟಿಗಿಂತ ಸುಮಾರು 20 ಪಟ್ಟು ಬಿಗಿ. ತೂಕ 6 ಕೆಜಿ, ಶೀಟು 8 ಕೆಜಿ. ಶೀಟಿನ ಟ್ರೇ ಬೇಕೆಂದರೆ 1.2 ಮಿಮೀ ಜಿಐ (ಸತು ಲೇಪಿಸಿದ ಶೀಟು) ಸಾಕು, ಪ್ಲೈ ಅದರೊಳಗೆ ಕೂರಲಿ, ಕಲ್ಲೇಟಿನಿಂದ ಕಾಪಾಡುತ್ತದೆ.

ಪ್ಲೈ ಹಾಳಾಗುವುದು ಮುಖದಿಂದ ಅಲ್ಲ, ಕತ್ತರಿಸಿದ ಅಂಚಿನಿಂದ. ಅಂಚಿಗೆ ಮತ್ತು ಪ್ರತಿ ಬೋಲ್ಟ್ ತೂತಿನ ಒಳಗೆ ಎಪಾಕ್ಸಿ ಎರಡು ಕೋಟು, ಒಂದು ಒಣಗಿದ ಮೇಲೆ ಇನ್ನೊಂದು. ಟ್ರೇ ತಳದಲ್ಲಿ 12 ಮಿಮೀ ತೂತು ಕನಿಷ್ಠ ಆರು, ನಾಲ್ಕು ಮೂಲೆಗೂ ಇರಲಿ. ಮಳೆಗಾಲದ ಕೆಸರು ಟ್ರೇಯಲ್ಲಿ ನಿಂತರೆ ಪ್ಲೈಯೂ ಹೋಗುತ್ತದೆ, ಕಬ್ಬಿಣವೂ ಹೋಗುತ್ತದೆ.

ಪ್ಲೈ ಮತ್ತು ಟ್ಯಾಂಕಿನ ನಡುವೆ 5 ಮಿಮೀ ಇಪಿಡಿಎಂ (ಬಿಸಿಲು ಮಳೆ ತಾಳುವ ಬಗೆಯ) ರಬ್ಬರ್ ಹಾಳೆ. ಫೋಮ್, ಕಾರ್ಪೆಟ್, ಥರ್ಮಾಕೋಲ್ ಬೇಡ. ಮೊದಲೆರಡು ನೀರು ಹೀರಿಟ್ಟುಕೊಳ್ಳುತ್ತವೆ, ಥರ್ಮಾಕೋಲ್ ಪುಡಿಯಾಗಿ ಟ್ಯಾಂಕ್ ಸಡಿಲವಾಗುತ್ತದೆ.

ಠಾಣೆ_ಪಾಲಿಮರ್

ಮೇಡಂ, ಹಿಗ್ಗುವಿಕೆಗೆ ಜಾಗ ಬಿಡಲಿಕ್ಕೆ ಹೇಳಿ. ಪಾಲಿಥಿನ್ ಕಬ್ಬಿಣಕ್ಕಿಂತ ಹತ್ತು ಹದಿನೈದು ಪಟ್ಟು ಹಿಗ್ಗುತ್ತದೆ. ಒಂದು ಮೀಟರ್ ಟ್ಯಾಂಕ್ 30 ಡಿಗ್ರಿ ವ್ಯತ್ಯಾಸಕ್ಕೆ 5 ಮಿಮೀ ಉದ್ದ ಆಗುತ್ತದೆ. ಖಾಲಿ ಟ್ಯಾಂಕ್ ಮಧ್ಯಾಹ್ನದ ಬಿಸಿಲಲ್ಲಿ ನಿಂತಿದ್ದು, ಆಮೇಲೆ ಬಾವಿಯ ತಣ್ಣನೆ ನೀರು ತುಂಬಿದರೆ ಅಷ್ಟು ವ್ಯತ್ಯಾಸ ಸುಲಭದಲ್ಲಿ ಬರುತ್ತದೆ.

ಹಾಗಾಗಿ ನಿಪ್ಪಲ್ ಇರುವ ತುದಿಯನ್ನು ಗಟ್ಟಿ ರಬ್ಬರ್ ಕೊಟ್ಟು ತಡೆಗೆ ತಾಗಿಸಿ. ಇನ್ನೊಂದು ತುದಿಯಲ್ಲಿ 6 ಮಿಮೀ ಬಿಟ್ಟು ಅಲ್ಲಿ ಮೆತ್ತನೆಯ, ನೀರು ಹೀರದ ಸ್ಪಂಜ್ ರಬ್ಬರ್. ಆಗ ಟ್ಯಾಂಕ್ ಬೆಳೆಯುವುದು ಪೈಪ್ ಇಲ್ಲದ ಕಡೆಗೆ. ನಿಮ್ಮ ನಿಪ್ಪಲ್ ತೇವಕ್ಕೆ ಕಾರಣ ಇದೂ ಇರಬಹುದು: ಟ್ಯಾಂಕ್ ಇಳಿಯಿತು, ಸರಿಯಿತು, ಪೈಪ್ ಮಾತ್ರ ಚಾಸಿಗೆ ಕ್ಲಿಪ್ ಆಗಿ ಅಲ್ಲೇ ನಿಂತಿತು. ಮಧ್ಯೆ ಸಿಕ್ಕಿದ್ದು ನಿಪ್ಪಲ್. ಸಿಪಿವಿಸಿ (ಗಟ್ಟಿ ಪ್ಲಾಸ್ಟಿಕ್) ಪೈಪನ್ನು ನೇರ ಟ್ಯಾಂಕಿಗೆ ತಂದಿದ್ದರೆ ಕೊನೆಯ 300 ಮಿಮೀ ಕತ್ತರಿಸಿ, ಆಹಾರ ದರ್ಜೆಯ ನೂಲು ಹೆಣೆದ ಹೋಸ್ ಹಾಕಿ, ಎರಡೂ ಕಡೆ ಎಸ್‌ಎಸ್ ಕ್ಲಿಪ್. ಹೋಸ್ ಸ್ವಲ್ಪ ಬಳುಕಿರಲಿ, ಎಳೆದು ಕಟ್ಟಬೇಡಿ.

ಸಿಂಹಗಡರಸ್ತೆ

ನಿಪ್ಪಲ್‌ಗೆ ಸಿಪಿವಿಸಿಯೇ ನೇರ ಬಂದಿದೆ. ಮುಂದೆ ತಡೆ, ಮೇಲಿನ ಪಟ್ಟಿ ಇವುಗಳ ಅಳತೆ?

ಭೋಸರಿಫ್ಯಾಬ್

ತಡಿ: 40×40×5 ಆಂಗಲ್ ತುಂಡು, ನಿಂತ ಎತ್ತರ 100 ಮಿಮೀ, ಮುಂದ ಎರಡು ಹಿಂದ ಎರಡು. ಇವನ್ನ ಪ್ಲೈಗಲ್ಲ, ತೊಲಿಗೇ ಬೆಸದಿರಬೇಕು. ಇದಕ್ಕಾಗೇ ಮೊದಲ ತೊಲಿಯಿಂದ ಕಡೀ ತೊಲಿ ತನಕ, ಮತ್ತ ಎರಡೂ ಕಡೆ 100 ಮಿಮೀ ಮುಂದ ಚಾಚಿ, ಅದೇ ಪೈಪಿನ ಎರಡು ಉದ್ದತೊಲಿ ಕೂಡಸ್ರಿ. ಏಣಿ ಆಕಾರ ಆಗತೈತಿ, ತಿರುಚೂದೂ ನಿಲ್ಲತೈತಿ. ಬದಿಗೂ ಒಂದೊಂದು ತಡಿ. ಮೂಲಿಗೆ ಚೂಪು ಇರಬಾರದು, ಗ್ರೈಂಡರ್ ಹಿಡ್ದು ದುಂಡಗ ಮಾಡ್ರಿ.

ಪಟ್ಟಿ: 30×3 ಫ್ಲ್ಯಾಟ್ (ಚಪ್ಪಟಿ ಕಬ್ಬಿಣ), ಎರಡು, 300 ಮತ್ತ 700 ಮಿಮೀ ಜಾಗಾಕ್ಕ. ಒಳಗ ರಬ್ಬರ್ 5 ಮಿಮೀ, ಪಟ್ಟಿಗಿಂತ ಎರಡೂ ಕಡೆ 5 ಮಿಮೀ ಹೊರಗ ಬರಬೇಕು, ಇಲ್ಲಂದ್ರ ಪಟ್ಟಿ ಅಂಚು ಟ್ಯಾಂಕ್ ಕೊರೀತೈತಿ. ತುದಿಗೆ ಎಂ8 ಬೋಲ್ಟು.

ಬಿಗಿಯೂದು ಟ್ಯಾಂಕ್ ತುಂಬಿದ ಮ್ಯಾಲ. ಖಾಲಿ ಇದ್ದಾಗ ಬಿಗದ್ರ ತುಂಬಿದಾಗ ಬದಿ ಉಬ್ಬಿ ಪಟ್ಟಿ ಹರಿಯೂ ಹಂಗ ಎಳೀತೈತಿ. ಇಲ್ಲಿ ಟಾರ್ಕ್ ನೋಡಬ್ಯಾಡ್ರಿ, ರಬ್ಬರ್ ನೋಡ್ರಿ. 5 ಮಿಮೀ ಇದ್ದದ್ದು 4 ಆಗೂತನಕ, ಅಷ್ಟ.

ಮಡಗಾಂವ್_ಗಾಡಿ

ಕರಾವಳಿಗೆ ಬರುವ ಗಾಡಿ ಅಂದಮೇಲೆ ಬಣ್ಣದ ಮಾತು. ರೆಡ್ ಆಕ್ಸೈಡ್ ಒಂದು ಕೋಟು ಹೊಡೆದು ಮೇಲೆ ಕಪ್ಪು ಬಳಿದರೆ ಎರಡು ಮಳೆಗಾಲಕ್ಕೆ ಬೆಸುಗೆಯ ಹತ್ತಿರ ಎದ್ದು ಬರುತ್ತದೆ. ಏಣಿ ಪೂರ್ತಿ ಬೆಸುಗೆ ಮುಗಿಸಿ, ತೂತು ಕೊರೆದು, ಬಿಸಿ ಸತುವಿನಲ್ಲಿ ಅದ್ದಿ ಗ್ಯಾಲ್ವನೈಸ್ ಮಾಡಿಸಿ.

ಕೊಡುವ ಮೊದಲು ಇದನ್ನು ಮರೆಯಬೇಡಿ: ಎರಡೂ ತುದಿ ಮುಚ್ಚಿದ ಪೈಪಿಗೆ 10 ರಿಂದ 12 ಮಿಮೀ ಗಾಳಿ ತೂತು ತುದಿಗೊಂದು ಇರಲೇಬೇಕು. ಒಳಗೆ ತೇವ ಸಿಕ್ಕಿಕೊಂಡು 450 ಡಿಗ್ರಿ ಸತುವಿಗೆ ಇಳಿದರೆ ಆವಿಯಾಗಿ ಪೈಪ್ ಸಿಡಿಯುತ್ತದೆ, ಕೆಲಸ ಮಾಡುವವರ ಮೈಮೇಲೆ ಸತುವು ಹಾರುತ್ತದೆ. ಆ ತೂತುಗಳು ಗಾಡಿಗೆ ಹಾಕಿದಾಗ ಕೆಳಮುಖವಾಗಿ ಬರುವ ಹಾಗೆ ಇಟ್ಟರೆ ಮುಂದೆ ನೀರೂ ಇಳಿದುಹೋಗುತ್ತದೆ. ಸತುವಿನ ಪದರಕ್ಕಾಗಿ ಬೋಲ್ಟ್ ತೂತುಗಳನ್ನು 11 ಮಿಮೀ ಇಡಿ.

ಬೋಲ್ಟೂ ಅದೇ ಬಿಸಿ ಸತುವಿನದ್ದು ತನ್ನಿ. ಹೊಳೆಯುವ ತೆಳು ಜಿಂಕ್ ಲೇಪದ್ದು ಸಮುದ್ರ ಗಾಳಿಗೆ ಒಂದು ವರ್ಷ ಬರುವುದಿಲ್ಲ. ಮುಂಬಯಿಯವರಿಗೆ ನಾಗದೇವಿ ಸ್ಟ್ರೀಟ್, ಪುಣೆಯಲ್ಲಿ ರವಿವಾರ ಪೇಠೆಯ ಬೋಹ್ರಿ ಆಳಿ ಕಡೆ ಕೇಳಿ. ಬೋಲ್ಟ್ ತಲೆ ಮೇಲೆ 8.8 ಎಂದು ಅಚ್ಚು ಇರಬೇಕು, ಇಲ್ಲದ್ದನ್ನು ವಾಪಸ್ ಕೊಡಿ.

ಠಾಣೆ_ಪಾಲಿಮರ್

ಅಮೆರಿಕದ ಟ್ರೇಲರ್‌ಗಳ ವಿಡಿಯೊ ನೋಡಿ ಅದೇ ನಕಲು ಮಾಡುವವರು ಇಲ್ಲಿ ಇದ್ದಾರೆ, ಅವರಿಗೊಂದು ಮಾತು. ಅಲ್ಲಿಯೂ ಇದೇ ತೊಂದರೆ. 40 ಗ್ಯಾಲನ್ ಟ್ಯಾಂಕ್, ಅಂದರೆ 151 ಲೀಟರ್, ಅಂಚಿನಲ್ಲಿ ತೆಳು ಆಂಗಲ್, ಶೀಟಿಗೆ ಸ್ಕ್ರೂ, ಅಡಿಯಲ್ಲಿ ಪ್ಲಾಸ್ಟಿಕ್ ಹಾಳೆ ಮುಚ್ಚಿರುತ್ತದೆ. ಆ ಹಾಳೆ ಕೆಸರು ತಡೆಯಲಿಕ್ಕೆ, ತೂಕ ಹೊರಲಿಕ್ಕಲ್ಲ. ಟ್ಯಾಂಕ್ ಇಳಿದದ್ದನ್ನು ಮರೆಮಾಡುವುದೂ ಅದೇ ಹಾಳೆ. ಕೆಲವು ತಯಾರಕರ ಕೈಪಿಡಿಯಲ್ಲೇ ಟ್ಯಾಂಕ್ ತುಂಬಿ ಓಡಿಸಬೇಡಿ ಅಂತ ಇರುತ್ತದೆ. ಅಲ್ಲಿನವರು ಆಮೇಲೆ ಸ್ಲಾಟೆಡ್ ಸ್ಟ್ರಟ್ ಚಾನೆಲ್ (ಉದ್ದಕ್ಕೂ ತೂತಿರುವ U ಆಕಾರದ ತೊಲೆ) ಅಡ್ಡ ಹಾಕಿ ಬೋಲ್ಟ್ ಮಾಡುತ್ತಾರೆ. ನಮ್ಮಲ್ಲಿ ಅದೇ 41×41 ಚಾನೆಲ್ ಸೋಲಾರ್ ಅಂಗಡಿಗಳಲ್ಲಿ ಸಿಗುತ್ತದೆ. ಬೆಸುಗೆ ಸೌಕರ್ಯ ಇಲ್ಲದವರಿಗೆ ಅಡ್ಡಿಲ್ಲ, ಆದರೆ ಒಂದು ಬದಿ ತೆರೆದ ಚಾನೆಲ್ ತಿರುಚುತ್ತದೆ. ಹಾಕುವುದಾದರೆ ಮೂರರ ಬದಲು ನಾಲ್ಕು ಹಾಕಿ.

ತೂಕದಕಾಟಾ

ಜಾಗದ ಬಗ್ಗೆ ಎರಡು ಮಾತು. ಟ್ಯಾಂಕ್ ಹಿಂದಿನ ಆಕ್ಸಲ್‌ಗೆ ಮುಂದೆ ಇರುವುದು ಒಳ್ಳೆಯದೇ, ಅಲ್ಲಿಂದ ಕದಲಿಸಬೇಡಿ. ಜಾಗ ಸಿಕ್ಕಿತೆಂದು ಹಿಂದಿನ ಆಕ್ಸಲ್‌ನಿಂದ ಒಂದು ಮೀಟರ್ ಹಿಂದೆ ತೂಗಿದರೆ 161 ಕೆಜಿ ಟ್ಯಾಂಕ್ ಹಿಂದಿನ ಆಕ್ಸಲ್ ಮೇಲೆ 209 ಕೆಜಿ ಹಾಕುತ್ತದೆ, ಮುಂದಿನ ಆಕ್ಸಲ್‌ನಿಂದ 48 ಕೆಜಿ ಎತ್ತುತ್ತದೆ. ಹಂಪ್ ದಾಟುವಾಗ ಗಾಡಿಯ ಬಾಲ ಹೆಚ್ಚು ಎಗರುವುದರಿಂದ ಆಧಾರಕ್ಕೂ ಹೆಚ್ಚು ಪೆಟ್ಟು. ಎಳೆಯುವ ಕಾರವಾನ್‌ನಲ್ಲಂತೂ ಹಿಂದೆ ಟ್ಯಾಂಕ್ ಇಟ್ಟರೆ ಕೊಂಡಿಯ ಮೇಲಿನ ಭಾರ ಕಡಿಮೆಯಾಗಿ ಟ್ರೇಲರ್ ಹಾವಿನಂತೆ ಆಡುತ್ತದೆ.

ಬಚ್ಚಲು ನೀರಿನ ಟ್ಯಾಂಕನ್ನು ಎಲ್ಲರೂ ಮರೆಯುತ್ತಾರೆ. ಬಳಸಿದ ನೀರು ಎಲ್ಲಿಗೂ ಹೋಗಿಲ್ಲ, ಅಡಿಯಲ್ಲೇ ಇನ್ನೊಂದು ಟ್ಯಾಂಕಿನಲ್ಲಿದೆ. ಅದಕ್ಕೂ ಇದೇ ಥರದ ತೊಲೆ ಬೇಕು. ಅದರ 40 ಮಿಮೀ ಪಿವಿಸಿ ಪೈಪಿನ ಎಲ್ಬೋ ಟ್ಯಾಂಕನ್ನು ಹೊತ್ತಿರುವುದನ್ನು ನೋಡಿದರೆ ತಕ್ಷಣ ಸರಿಮಾಡಿಸಿ, ಆ ಎಲ್ಬೋ ಸೀಳುವುದು ಖಂಡಿತ.

ಕೆಲಸ ಮುಗಿದ ಮೇಲೆ ಎಲ್ಲ ನೀರು ತುಂಬಿ, ಸಾಮಾನು ಹೇರಿ, ಕಾಟಾ (ಗಾಡಿ ತೂಗುವ ತಕ್ಕಡಿ) ಮೇಲೆ ಮೂರು ಸಲ ತೂಗಿ: ಮುಂದಿನ ಆಕ್ಸಲ್ ಮಾತ್ರ, ಹಿಂದಿನ ಆಕ್ಸಲ್ ಮಾತ್ರ, ಪೂರ್ತಿ ಗಾಡಿ. ಆರ್‌ಸಿಯಲ್ಲಿರುವ ಒಟ್ಟು ತೂಕಕ್ಕೆ ಹೋಲಿಸಿ. ಆರ್‌ಸಿಯಲ್ಲಿ ಬಸ್ ಎಂದೇ ಇದ್ದರೆ ಮೋಟಾರು ವಾಹನ ಕಾಯಿದೆಯ 52ನೇ ಕಲಮಿನ ಕೆಳಗೆ ಬದಲಾವಣೆಯನ್ನು ಆರ್‌ಟಿಒದಲ್ಲಿ ದಾಖಲಿಸಬೇಕು. ಕಾರವಾನ್‌ಗಳಿಗೆಂದೇ ಎಐಎಸ್ 124 ಎಂಬ ಮಾನದಂಡ ಇದೆ.

ಸಿಂಹಗಡರಸ್ತೆ

ಪ್ಲೈ, ಪೈಪ್ ಕತ್ತರಿಸುವ ಪಟ್ಟಿ ಸಿದ್ಧವಾಯಿತು. ಕೆಲಸ ಆದ ಮೇಲೆ ಸರಿಯಾಗಿದೆ ಎಂದು ತಿಳಿಯುವುದು ಹೇಗೆ? ಟ್ಯಾಂಕ್ ಒಳಗೆ ಅಡ್ಡಗೋಡೆ ಇಲ್ಲ, ಅದನ್ನು ಈಗ ಹಾಕಬಹುದೇ?

ಠಾಣೆ_ಪಾಲಿಮರ್

ಮುಚ್ಚಿದ ಟ್ಯಾಂಕಿಗೆ ಆಮೇಲೆ ಅಡ್ಡಗೋಡೆ ಹಾಕಲಿಕ್ಕೆ ಆಗುವುದಿಲ್ಲ. ಮುಂದೆ ಹೊಸದು ಮಾಡಿಸುವಾಗ 8 ಮಿಮೀ ಪಿಪಿ ಶೀಟಿನಲ್ಲಿ ಬೆಸೆದು ಮಾಡಿಸಿ, ನಡುವೆ ಒಂದು ಅಡ್ಡಗೋಡೆ, ಕೆಳಗಿನ ಎರಡು ಮೂಲೆಯಲ್ಲಿ ನೀರಿಗೆ 50 ಮಿಮೀ ಕಿಂಡಿ, ಮೇಲೆ ಗಾಳಿಗೆ ಕಿಂಡಿ. ಈ ಟ್ಯಾಂಕಿಗೆ ನಿಯಮ ಒಂದೇ: ಘಾಟ್ ಹತ್ತುವ ಮೊದಲು ಪೂರ್ತಿ ತುಂಬಿ, ಇಲ್ಲ ಪೂರ್ತಿ ಖಾಲಿ ಮಾಡಿ.

ಕೊಥ್ರೂಡ್_ವಿನ್ಯಾಸ

ಪರೀಕ್ಷೆಗೆ ಒಂದು ದಾರ, ಒಂದು ಸ್ಟೀಲ್ ಸ್ಕೇಲ್ ಸಾಕು. ಟ್ರೇಯ ಎರಡು ತುದಿಗೆ ಕೆಳಗಿನಿಂದ ದಾರ ಬಿಗಿದು ಕಟ್ಟಿ. ನಡುವಿನಲ್ಲಿ ಟ್ರೇ ತಳಕ್ಕೂ ದಾರಕ್ಕೂ ಎಷ್ಟಿದೆ ಅಳೆಯಿರಿ: ಖಾಲಿ ಇದ್ದಾಗ, ತುಂಬಿದ ಕೂಡಲೆ, 24 ಗಂಟೆಯ ನಂತರ, ಮತ್ತೆ ಖಾಲಿ ಮಾಡಿ. ತುಂಬಿದಾಗ 2 ಮಿಮೀ ಒಳಗಿರಬೇಕು. 24 ಗಂಟೆಯಲ್ಲಿ ಬೆಳೆಯಬಾರದು. ಖಾಲಿ ಮಾಡಿದಾಗ ಮೊದಲಿನ ಅಳತೆಗೆ ಬರಬೇಕು. ಬರದಿದ್ದರೆ ಯಾವುದೋ ಬ್ರಾಕೆಟ್ ಕೂತಿದೆ ಅಥವಾ ಬಾಗಿದೆ.

ಪ್ರತಿ ನಟ್ಟಿನಿಂದ ಬ್ರಾಕೆಟ್ ಮೇಲೆ ಬರುವಂತೆ ಉಗುರುಬಣ್ಣದಲ್ಲಿ ಒಂದು ಗೆರೆ ಎಳೆಯಿರಿ. ನಟ್ಟು ಅಲುಗಿದರೆ ಗೆರೆ ಮುರಿಯುತ್ತದೆ, ಪಾನಾ ಹಿಡಿಯದೆ ಟಾರ್ಚ್ ಬಿಟ್ಟೇ ಗೊತ್ತಾಗುತ್ತದೆ. ಎಂ10 ಬೋಲ್ಟ್ ಮೂರು ಟನ್‌ಗಿಂತ ಹೆಚ್ಚು ಎಳೆತ ತಾಳುತ್ತದೆ, ನಿಮ್ಮಲ್ಲಿ ತುದಿಗೆ ಬರುವುದು 80 ಕೆಜಿ. ಅದು ತುಂಡಾಗುವ ಭಯ ಇಲ್ಲ. ಸಡಿಲಾಗುವುದನ್ನೇ ನೋಡಬೇಕು.

ಸಿಂಹಗಡರಸ್ತೆ

ಏಣಿ, ಪ್ಲೈ, ರಬ್ಬರ್, ಹೊಸ ವೆಂಟ್ 25 ಮಿಮೀ, ಹೋಸ್ ಎಲ್ಲ ಆಯಿತು. ದಾರದ ಅಳತೆ: ತುಂಬಿದಾಗ 1 ಮಿಮೀ, 24 ಗಂಟೆಗೆ 1 ಮಿಮೀ, ಖಾಲಿ ಮಾಡಿದಾಗ ಸೊನ್ನೆ. ಟ್ಯಾಂಕ್ ತಳದ ಹಳೆಯ 7 ಮಿಮೀ ಈಗ 2ಕ್ಕೆ ಬಂದಿದೆ. ನಿಪ್ಪಲ್ ಬುಡ ಒಣಗಿದೆ. ಮುಂದಿನ ದಾರಿ ಖಂಬಾಟಕಿ ಘಾಟ್, ಬೆಳಗಾವಿ, ಚೋರ್ಲಾ.

ಭೋಸರಿಫ್ಯಾಬ್

ಚಲೋ ಆತು ಸರ್. ಖಂಬಾಟಕಿ ದಾಟಿ 100 ಕಿಲೋಮೀಟರ್ ಆಸುಪಾಸು ನಿಲ್ಲಿಸಿ ಗೆರಿ ನೋಡ್ರಿ. ರಬ್ಬರ್ ಕೂಡತೈತಿ, ಪಟ್ಟಿ ಎಂ8 ಅರ್ಧ ಸುತ್ತು ಬೇಕಾಗಬಹುದು. ಬೆಳಗಾವಿಯಾಗ ನೀರು ಪೂರಾ ತುಂಬಿಸಿಕೊಂಡು ಚೋರ್ಲಾ ಇಳೀರಿ. ಗೋವಾ ಮುಟ್ಟಿದ ಮ್ಯಾಲ ಎಂ10 ಎಲ್ಲಾ 45ಕ್ಕ ಮತ್ತೊಮ್ಮೆ ಹಚ್ಚಿ ನೋಡಿ, ಗೆರಿ ಹೊಸದಾಗಿ ಎಳೀರಿ.